ಬೀರುವಿನೊಳಗಿನ ಜಾತ್ರೆ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಸೀಮೆಯ ಇತಿಹಾಸ ಕೇಳಿದವರಿಗೆ ಮಧುಗಿರಿಯ ಏಕಶಿಲಾ ಬೆಟ್ಟವನ್ನೋ ಶಿರಾದ ಮಲಿಕ್ ರಿಹಾನ್ ಗೋರಿಯನ್ನೋ ತೋರಿಸುವುದು ವಾಡಿಕೆ. ಅದು ಕಲ್ಲಿನಲ್ಲಿ ಉಳಿದ ಇತಿಹಾಸ. ಇನ್ನೊಂದು ಇತಿಹಾಸ ಇದೇ ಊರುಗಳ ಬೀರುಗಳಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಸಿ.ಡಿ. ಮತ್ತು ಡಿ.ವಿ.ಡಿ.ಗಳಾಗಿ ಮಲಗಿದೆ. ಕಲ್ಲು ಶತಮಾನಗಳನ್ನು ದಾಟಿತು. ಈ ತಟ್ಟೆಗಳು ಒಂದು ತಲೆಮಾರನ್ನಾದರೂ ದಾಟುವವೇ ಎಂಬುದೇ ಪ್ರಶ್ನೆ.

ಮೊದಲಿಗೆ ಬಂದದ್ದು ವಿ.ಎಚ್.ಎಸ್. ಕ್ಯಾಸೆಟ್, ಜಪಾನಿನಲ್ಲಿ ಅದು ಹುಟ್ಟಿದ್ದು 1976ರಲ್ಲಿ. 1993ರಲ್ಲಿ ವಿಡಿಯೊ ಸಿ.ಡಿ. ರೂಪುಗೊಂಡಿತು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷ ಮಾತ್ರ. ಹೀಗಾಗಿ ಧಾರೆ ಒಂದು ತಟ್ಟೆಗೆ, ಬೀಗರ ಔತಣ ಇನ್ನೊಂದಕ್ಕೆ ಹೋಗುತ್ತಿತ್ತು. 1996ರಲ್ಲಿ ಬಂದ ಡಿ.ವಿ.ಡಿ.ಯ ಒಂದು ಚಿತ್ರದಲ್ಲಿ ವಿಡಿಯೊ ಸಿ.ಡಿ.ಗಿಂತ ನಾಲ್ಕು ಪಟ್ಟು ಹೆಚ್ಚು ಚುಕ್ಕಿಗಳಿದ್ದವು.

ಸ್ಟುಡಿಯೊಗಳಲ್ಲಿ ‘ಮಿಕ್ಸಿಂಗ್’ ಎಂದು ಕರೆಯುವ ಸಂಕಲನದ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಕಂಪ್ಯೂಟರಿನಲ್ಲಿ ಉಳಿಸುವ ‘ಪ್ರಾಜೆಕ್ಟ್’ ಕಡತದಲ್ಲಿ ಚಿತ್ರವೇ ಇರುವುದಿಲ್ಲ. ಯಾವ ತುಣುಕನ್ನು ಎಲ್ಲಿ ಕತ್ತರಿಸಬೇಕು, ಯಾವ ಹಾಡನ್ನು ಎಲ್ಲಿ ಸೇರಿಸಬೇಕು ಎಂಬ ಸೂಚನೆಗಳಷ್ಟೇ ಅಲ್ಲಿರುತ್ತವೆ. ಅದು ಅಡುಗೆ ಭಟ್ಟರ ಚೀಟಿಯಿದ್ದಂತೆ, ಚೀಟಿ ಊಟವಲ್ಲ. ಮೂಲ ತುಣುಕುಗಳನ್ನು ಅಳಿಸಿದರೆ ಚೀಟಿ ನಿರುಪಯುಕ್ತ. ಊಟ ಸಿದ್ಧವಾಗುವುದು ‘ಎಕ್ಸ್‌ಪೋರ್ಟ್’ ಮಾಡಿದಾಗ.

ಆಗ ನಡೆಯುವುದು ಒಂದು ದೊಡ್ಡ ಇಕ್ಕಟ್ಟಿನ ಲೆಕ್ಕ. ಡಿ.ವಿ. ಕ್ಯಾಸೆಟ್ಟಿನ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟ್ ಜಾಗ ಬೇಕು; ಎರಡು ಗಂಟೆಗೆ 26. ಸಾಮಾನ್ಯ ಡಿ.ವಿ.ಡಿ.ಯಲ್ಲಿ ಇರುವುದು 4.7. ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಬಿಡಬೇಕು. ಅಲುಗಾಡದ ಗೋಡೆಯನ್ನು ಪ್ರತಿ ಚಿತ್ರದಲ್ಲೂ ಹೊಸದಾಗಿ ಬರೆಯದೆ, ಬದಲಾದ ಭಾಗವನ್ನಷ್ಟೇ ಬರೆದು ತಂತ್ರಾಂಶ ಇದನ್ನು ಸಾಧಿಸುತ್ತದೆ. ಒಂದೇ ತಟ್ಟೆಗೆ ನಾಲ್ಕು ಗಂಟೆ ತುರುಕಿದರೆ ಕುಣಿತದ ದೃಶ್ಯ ಚೌಕಚೌಕವಾಗಿ ಒಡೆಯುವುದು ಇದಕ್ಕೇ.

ಬಳಿಕ ಅಧ್ಯಾಯಗಳ ಪಟ್ಟಿ ಜೋಡಿಸಿ, ಟಿ.ವಿ. ಪ್ಲೇಯರ್ ಗುರುತಿಸುವ ಕ್ರಮದಲ್ಲಿ ಕಡತಗಳನ್ನಿಟ್ಟು ತಟ್ಟೆಗೆ ‘ರೈಟ್’ ಮಾಡುತ್ತಾರೆ. ಕೊನೆಗೆ ‘ಫೈನಲೈಸ್’ ಮಾಡದಿದ್ದರೆ ಬರೆದ ಯಂತ್ರದಲ್ಲಿ ಓಡಿದ ತಟ್ಟೆ ಬೀಗರ ಮನೆಯ ಪ್ಲೇಯರಿನಲ್ಲಿ ಓಡದೆ ಹೋಗಬಹುದು.

ಅಂಗಡಿಯಲ್ಲಿ ಕೊಳ್ಳುವ ಸಿನಿಮಾ ತಟ್ಟೆಗೂ ಸ್ಟುಡಿಯೊದಲ್ಲಿ ಬರೆದ ತಟ್ಟೆಗೂ ಮುಖ್ಯ ಭೇದವೊಂದಿದೆ. ಮೊದಲನೆಯದರಲ್ಲಿ ಗುಂಡಿಗಳನ್ನು ಅಚ್ಚೊತ್ತಿರುತ್ತಾರೆ. ಎರಡನೆಯದರಲ್ಲಿ ಲೇಸರ್ ಕಿರಣ ಒಂದು ಬಣ್ಣದ ಪದರವನ್ನು ಸುಟ್ಟು ಗುರುತು ಮಾಡಿರುತ್ತದೆ. ಆ ಬಣ್ಣಕ್ಕೆ ಬಿಸಿಲು, ಸೆಕೆ, ತೇವ ಮೂರೂ ಆಗಿಬರುವುದಿಲ್ಲ. ಸಿ.ಡಿ.ಯಲ್ಲಿ ಹೊಳೆಯುವ ಪದರವಿರುವುದು ಹೆಸರು ಬರೆಯುವ ಮೇಲ್ಮೈಗೆ ಅಂಟಿಕೊಂಡು; ಬಾಲ್‌ಪೆನ್ನಿನ ಒತ್ತು ಸಾಕು ಅದು ಕೆಡಲು.

ಹೋದರೆ ಹೋಗಲಿ, ಮದುವೆ ಕ್ಯಾಸೆಟ್ ತಾನೆ ಎನ್ನುವಂತಿಲ್ಲ. ಶಿರಾ ಸೀಮೆಯಲ್ಲಿ ಕಾಡುಗೊಲ್ಲರು ಗಣೆ ನುಡಿಸಿ ಹಾಡುವ ಜುಂಜಪ್ಪನ ಕಥೆ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ, ಈ ಭಾಗದ ಮೂಡಲಪಾಯದ ಆಟ, ಇವುಗಳ ಮುಂದೆ ಸಂಶೋಧಕರ ಕ್ಯಾಮೆರಾ ಎಂದೋ ಒಮ್ಮೆ ನಿಂತಿರಬಹುದು. ಊರಿನ ವಿಡಿಯೊದವರದು ಮತ್ತೆ ಮತ್ತೆ ನಿಂತಿರುತ್ತದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಇಂದು ಸೌರ ಫಲಕಗಳಿವೆ. ಆ ಪಾರ್ಕ್ ಉದ್ಘಾಟನೆಯಾದದ್ದು 2018ರಲ್ಲಿ. ಅದಕ್ಕೂ ಹಿಂದಿನ ದಿಬ್ಬಣವೊಂದರ ಹಿನ್ನೆಲೆಯಲ್ಲಿ ಅರೆಕ್ಷಣ ಕಂಡು ಹೋಗುವ ಕಡಲೆಕಾಯಿ ಹೊಲ ಈಗ ಆ ತಟ್ಟೆಯಲ್ಲಿ ಮಾತ್ರ ಉಳಿದಿರಬಹುದು. ತೀರಿಹೋದ ಅಜ್ಜಿಯ ದನಿಯೂ ಅಷ್ಟೆ.

ಉಪಾಯ ಕಷ್ಟದ್ದಲ್ಲ. ಈಗಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಹಾಕುವ ಜಾಗವಿಲ್ಲ, ಯು.ಎಸ್.ಬಿ. ತಂತಿಯ ಹೊರಗಿನ ಡ್ರೈವ್ ಸಾಕಾಗುತ್ತದೆ. ತಟ್ಟೆಯಲ್ಲಿರುವುದನ್ನು ಮೊದಲು ಇದ್ದಂತೆಯೇ ಪೂರ್ತಿ ನಕಲು ಮಾಡಬೇಕು. ಫೋನಿಗೆ ಕಳಿಸಲು ಚಿಕ್ಕದು ಮಾಡುವುದು ಆಮೇಲೆ. ಏಕೆಂದರೆ ಪ್ರತಿ ಸಲ ಹಿಂಡಿದಾಗಲೂ ಚಿತ್ರ ಒಂದಿಷ್ಟು ಸವೆಯುತ್ತದೆ. ನಕಲು ಎರಡು ಕಡೆ ಇರಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಕಡತದ ಹೆಸರಿನಲ್ಲಿ ಊರು, ವರ್ಷ, ಹಾಡಿದವರ ಹೆಸರು ಇರಲಿ.

ಹೆಸರು ಹೇಳಬಲ್ಲ ಹಿರಿಯರು ಇಂದು ಮನೆಯಲ್ಲಿದ್ದಾರೆ. ತಟ್ಟೆಯನ್ನು ಹೊರತೆಗೆದು ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಕೆಲಸವನ್ನು ಮುಂದಿನ ಜಾತ್ರೆಯವರೆಗೂ ಮುಂದೂಡಬಾರದು.