ಹಳೆಯ ಗಾಜಿನ ತೊಟ್ಟಿ: ಕೊಳ್ಳುವ ಮುಂಚೆ ನೋಡಿ, ತುಂಬುವ ಮುಂಚೆ ರಿಪೇರಿ ಮಾಡಿ



ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಿಮ್ಮಲ್ಲಿ ಅನೇಕರು ಬಂದಿರುತ್ತೀರಿ. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಹತ್ತಿರ ಕಾಯಿ ರಾಶಿ ಹಾಕಿ ಮಾರುತ್ತೀರಲ್ಲ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ತ್ಯಾಗರಾಜನಗರ. ಆ ಸುತ್ತಿನಲ್ಲೇ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯೂ ಇದೆ. 19ನೆಯ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಅಲ್ಲಿ ರೇಷ್ಮೆ ತೋಟ ನಡೆಸಿದ್ದರು. ಈಗ ಹಿಪ್ಪುನೇರಳೆಯೂ ಇಲ್ಲ, ಹುಳುವೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಆ ಕಡೆಯ ಹಳೆಯ ಮನೆಗಳನ್ನು ಕೆಡವಿ ಅಂತಸ್ತಿನ ಕಟ್ಟಡ ಕಟ್ಟುವಾಗ ಮನೆಯವರು ಎಷ್ಟೋ ಸಾಮಾನನ್ನು ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಅಂಥದರಲ್ಲಿ ಒಂದು, ಮೀನು ಸಾಕುವ ದೊಡ್ಡ ಗಾಜಿನ ತೊಟ್ಟಿ.

“ಬೇಸಾಯಗಾರರಿಗೆ ಗಾಜಿನ ತೊಟ್ಟಿ ಯಾಕೆ ಸ್ವಾಮಿ?” ಅಂತೀರಾ. ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ, ಮಾಲಿ ಮುಂತಾದ ಬಣ್ಣದ ಮೀನು ಸಾಕಿ ಅಂಗಡಿಗೆ ಕೊಡುವ ಮನೆಗಳು ನಮ್ಮಲ್ಲಿವೆ. ಗಪ್ಪಿ ಮೊಟ್ಟೆಯಿಡುವುದಿಲ್ಲ, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿಯನ್ನೇ ಹಾಕುತ್ತದೆ. ಬಿಟ್ಟರೆ ತಾಯಿಯೇ ಮರಿಯನ್ನು ತಿನ್ನುವುದುಂಟು. ಮರಿ ಬೇರ್ಪಡಿಸಲು, ಕಾಯಿಲೆ ಬಿದ್ದದ್ದನ್ನು ಕಂಡುಹಿಡಿಯಲು, ಕೊಳ್ಳುವವರಿಗೆ ತೋರಿಸಲು ಗಾಜಿನ ತೊಟ್ಟಿಯೇ ಅನುಕೂಲ.

ಇಂಥ ಒಂದು ಮನೆಯ ಅಕ್ಕ ಹಾಲಿನ ದುಡ್ಡು ಕೂಡಿಟ್ಟು, “ಸಾರ್, ಒಂದು ದೊಡ್ಡ ತೊಟ್ಟಿ ಕೊಡಿಸಿ” ಎಂದರು. ತ್ಯಾಗರಾಜನಗರದ ಒಂದು ಮನೆಯ ಮಹಡಿಯ ಮೇಲೆ ನಾಲ್ಕು ಅಡಿ ಉದ್ದದ ತೊಟ್ಟಿ ಒಣಗಿ ಬಿದ್ದಿತ್ತು. ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದೆವು. ಮೂಲೆಯಲ್ಲಿ ಅಂಟು ಎದ್ದಿದ್ದನ್ನು ಕಂಡೆ. ಅದರ ಮೇಲೇ ಹೊಸ ಅಂಟು ಬಳಿದು, “ಆಯಿತಕ್ಕ, ನೀರು ತುಂಬಿ” ಎಂದುಬಿಟ್ಟೆ. ರಾತ್ರಿ ಕೆಳಗಿನ ಮೂಲೆ ಬಿಟ್ಟುಕೊಂಡಿತು. ಬೆಳಗ್ಗೆ ಎದ್ದು ನೋಡಿದರೆ ಪಕ್ಕದಲ್ಲಿದ್ದ ಎರಡು ಮೂಟೆ ರಾಗಿ ನೆಂದು ಹೋಗಿತ್ತು. ತಪ್ಪು ತೊಟ್ಟಿಯದಲ್ಲ, ನನ್ನದು. ಆ ಅಕ್ಕ ಬೈಯಲಿಲ್ಲ. “ಈಗ ಸರಿಯಾಗಿ ಮಾಡೋದು ಹೆಂಗೆ, ಅದನ್ನ ಹೇಳಿ” ಎಂದರು. ಅವರಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತೇನೆ.

ಮೊದಲು ಭಾರದ ಲೆಕ್ಕ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಎಂದರೆ 9 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು; ಒಟ್ಟು 250 ಲೀಟರ್. ಒಂದು ಲೀಟರಿಗೆ ಒಂದು ಕಿಲೋ ತೂಕ. ಅಂದರೆ ಐದು ಮೂಟೆ ಸಿಮೆಂಟಿನ ಭಾರ! ಗಾಜಿನ ತೂಕ ಬೇರೆ. ಆದ್ದರಿಂದ ಗಟ್ಟಿ ಮೇಜು ಬೇಕು. ಗಾರೆಯವರ ರಸಮಟ್ಟ ಇಟ್ಟು ಮಟ್ಟ ನೋಡಿ, ಗಾಜಿನ ಕೆಳಗೆ ಥರ್ಮಾಕೋಲ್ ಹಾಳೆ ಹಾಸಬೇಕು. ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೂ ತಳ ಬಿರಿಯಬಹುದು.

ಕೊಳ್ಳುವಾಗ ಹಗಲು ಬೆಳಕಿನಲ್ಲಿ ನೋಡಿ. ಗಾಜಿನಲ್ಲಿ ಬಿರುಕು ಇದ್ದರೆ ಎಷ್ಟೇ ಅಗ್ಗವಾದರೂ ಬೇಡ. ಬಿಳಿ ಕಲೆ ಇದ್ದರೆ ಚಿಂತೆಯಿಲ್ಲ. ಅದು ಗಡಸು ನೀರಿನ ಉಪ್ಪು, ವಿನೆಗರ್ ಹಾಕಿ ಉಜ್ಜಿದರೆ ಹೋಗುತ್ತದೆ. ಎರಡು ಗಾಜುಗಳ ನಡುವಿನ ಅಂಟಿನಲ್ಲಿ ಗುಳ್ಳೆಯೋ ಬಿಳುಪೋ ಕಂಡರೆ ತೊಟ್ಟಿಯನ್ನು ಬಿಚ್ಚಿ ಕಟ್ಟಬೇಕಾಗುತ್ತದೆ. ಅದು ಗಾಜಿನ ಕೆಲಸದವರ ಪಾಲು. ಸಾಧ್ಯವಾದರೆ ಮಾರುವವರ ಅಂಗಳದಲ್ಲೇ ನೀರು ತುಂಬಿ ನೋಡಿ. ಆಗದಿದ್ದರೆ, ಸೋರುತ್ತದೆ ಎಂದೇ ಲೆಕ್ಕ ಹಾಕಿ ಬೆಲೆ ಕೇಳಿ. ನೀರಿದ್ದಾಗ ತೊಟ್ಟಿಯನ್ನು ಎತ್ತಲೇಬಾರದು. ಖಾಲಿ ತೊಟ್ಟಿಯನ್ನೂ ಮೇಲಿನ ಪಟ್ಟಿ ಹಿಡಿದು ಎತ್ತದೆ, ತಳಕ್ಕೆ ಕೈಕೊಟ್ಟು ಎತ್ತಬೇಕು.

ಇನ್ನು ರಿಪೇರಿ. ಗಟ್ಟಿಯಾದ ಹಳೆಯ ಸಿಲಿಕಾನ್ ಅಂಟಿಗೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ನಾನು ಎಡವಿದ್ದು ಇಲ್ಲೇ. ಸೋರುವ ಮೂಲೆಯೊಂದೇ ಅಲ್ಲ, ಒಳಮೂಲೆಗಳ ಅಂಟನ್ನೆಲ್ಲ ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಗಾಜುಗಳನ್ನು ಹಿಡಿದಿರುವ ನಡುವಿನ ತೆಳು ಅಂಟಿಗೆ ಮಾತ್ರ ಬ್ಲೇಡು ತಾಗಿಸಬೇಡಿ. ಆಮೇಲೆ ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ಬೀಡಿ ಬೇಡವೇ ಬೇಡ.

ಅಂಟು ಕೊಳ್ಳುವಾಗ ಮೀನಿನ ತೊಟ್ಟಿಯ ಸಿಲಿಕಾನ್ ಎಂದೇ ಕೇಳಿ. ಬಚ್ಚಲುಮನೆಗೆಂದು ಮಾರುವುದರಲ್ಲಿ ಬೂಷ್ಟು ತಡೆಯುವ ಔಷಧಿ ಬೆರೆಸಿರುವುದುಂಟು. ಅದು ಮೀನಿಗೆ ವಿಷ. ಮೂಲೆಯ ಎರಡೂ ಬದಿಗೆ ಟೇಪು ಅಂಟಿಸಿ, ಅಂಟನ್ನು ಒಂದೇ ಎಳೆಯಾಗಿ ಹಾಕಿ, ಒದ್ದೆ ಬೆರಳಿನಿಂದ ನುಣುಪು ಮಾಡಿ. ಅಂಟಿನ ಮೇಲೆ ಕೆನೆ ಕಟ್ಟುವ ಮುಂಚೆಯೇ ಟೇಪು ತೆಗೆಯಿರಿ. ಎಲ್ಲ ಮೂಲೆಗಳೂ ಒಂದೇ ಸಲಕ್ಕೆ ಮುಗಿಯಬೇಕು.

ಆಮೇಲೆ ಬೇಕಾದದ್ದು ತಾಳ್ಮೆ. ದೊಡ್ಡ ತೊಟ್ಟಿಗೆ ಒಂದು ವಾರ ಒಣಗಲು ಬಿಡಿ. ವಿನೆಗರಿನಂಥ ಹುಳಿ ವಾಸನೆ ಪೂರ್ತಿ ಹೋಗಬೇಕು. ಬಳಿಕ ಅಂಗಳದಲ್ಲಿಟ್ಟು, ಕೆಳಗೆ ಒಣ ಕಾಗದ ಹಾಸಿ, ಮೊದಲು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ತುಂಬಿ. ಪೂರ್ತಿ ತುಂಬಿದ ಮೇಲೆ ಒಂದು ಹಗಲು ಒಂದು ರಾತ್ರಿ ಕಾದು ನೋಡಿ. ಕಾಗದ ಒಣಗಿಯೇ ಇದ್ದರೆ ನೀರು ಚೆಲ್ಲಿ, ತೊಟ್ಟಿಯನ್ನು ಒಳಗೆ ಸಾಗಿಸಿ. ಆದರೂ ರಾಗಿ ಮೂಟೆ ದೂರವಿರಲಿ!

ಮೀನನ್ನು ಆತುರಪಟ್ಟು ಬಿಡಬೇಡಿ. ಮೀನಿನ ಕಸದಿಂದ ಹುಟ್ಟುವ ಅಮೋನಿಯವನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲು ನಾಲ್ಕೈದು ಮೀನು ಬಿಡಿ, ಮೇವು ಕಡಿಮೆ ಹಾಕಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಬೆಳೆಗೆ ಔಷಧಿ ಕಲಸಿದ ಬಕೆಟ್ಟು, ಔಷಧಿ ಹೊಡೆದ ಕೈ, ಇವೆರಡೂ ತೊಟ್ಟಿಯ ಹತ್ತಿರ ಸುಳಿಯಕೂಡದು. ಬೇಡವಾದ ಮೀನನ್ನು ಕೆರೆಗೆ ಬಿಡಬಾರದು. ತೊಟ್ಟಿಗೆಂದು ತಂದ ಸಕ್ಕರ್ ಮೀನು ಕೆರೆಕುಂಟೆ ಸೇರಿ ನಮ್ಮ ನಾಡಮೀನಿಗೆ ಕಂಟಕವಾಗಿದೆ.

ಮೀನು ಸಾಕಣೆಯ ವಿಚಾರಕ್ಕೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರವೂ ಇದೆ.

ಆ ಅಕ್ಕನ ತೊಟ್ಟಿ ಎರಡನೆಯ ಸಲ ಸೋರಲಿಲ್ಲ. ಈಗ ಅದರಲ್ಲಿ ಗಪ್ಪಿ ಮರಿಗಳಿವೆ. ನಾನು ಹೋದಾಗಲೆಲ್ಲ ಅವರು ಕಾಫಿ ಕೊಟ್ಟು, “ಸಾರ್, ಕಾಗದ ಒಣಗೇ ಇದೆ” ಎಂದು ನಗುತ್ತಾರೆ. ಹಳೆಯ ಸಾಮಾನು ಕೊಳ್ಳುವುದು ತಪ್ಪಲ್ಲ; ಪರೀಕ್ಷಿಸದೆ ನಂಬುವುದು ತಪ್ಪು.