ಐದನೆಯ ವಿಭಕ್ತಿ ಎಲ್ಲಿ ಹೋಯಿತು?



ಶಾಲೆಯಲ್ಲಿ ಮಕ್ಕಳು ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡುತ್ತಾರೆ. ‘ರಾಮನಿಂದ’ ತೃತೀಯಾ, ‘ರಾಮನ ದೆಸೆಯಿಂದ’ ಪಂಚಮೀ. ಆದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾರೂ ಆಡುವುದಿಲ್ಲ. ಹಣ್ಣು ಮರದಿಂದಲೇ ಬೀಳುತ್ತದೆ. ಕೊಡಲಿಯಿಂದ ಕಡಿಯುವುದಕ್ಕೂ ಮರದಿಂದ ಬೀಳುವುದಕ್ಕೂ ಕನ್ನಡಕ್ಕೆ ಒಂದೇ ‘ಇಂದ’ ಸಾಕು.

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನು ಹೇಳಿದ್ದಾನೆ. ಬಿಡಿಸಿ ನೋಡಿದರೆ ಅದರ ಕೊನೆಯಲ್ಲಿ ಕುಳಿತಿರುವುದು ತೃತೀಯೆಯ ‘ಇಂ’. ‘ದೆಸೆಯಿಂದ’ ಕೂಡ ಹಾಗೆಯೇ: ದಿಕ್ಕನ್ನು ಹೇಳುವ ಒಂದು ಪದ, ಅದಕ್ಕೆ ಹತ್ತಿದ ‘ಇಂದ’. ಸಂಸ್ಕೃತದ ಏಳು ಮನೆಗಳಲ್ಲಿ ಒಂದೂ ಖಾಲಿ ಉಳಿಯಬಾರದೆಂದು ಮೂರನೆಯ ಮನೆಯವನನ್ನೇ ವೇಷ ಹಾಕಿಸಿ ಐದನೆಯದರಲ್ಲಿ ಕೂರಿಸಿದಂತಾಯಿತು.

ಹಾಗೆಂದು ಇದು ಕನ್ನಡದ ಬಡತನವಲ್ಲ. ಸಂಸ್ಕೃತದಲ್ಲಿಯೇ ರಾಮೇಣ, ರಾಮಾಯ, ರಾಮಾತ್ ಎಂಬ ಭೇದ ಏಕವಚನಕ್ಕೆ ಮಾತ್ರ. ದ್ವಿವಚನದಲ್ಲಿ ಈ ಮೂರಕ್ಕೂ ‘ರಾಮಾಭ್ಯಾಂ’ ಒಂದೇ ರೂಪ. ಬಹುವಚನದಲ್ಲಿ ಚತುರ್ಥಿಗೂ ಪಂಚಮಿಗೂ ‘ರಾಮೇಭ್ಯಃ’. ಪ್ರಾಕೃತಕ್ಕೆ ಬರುವ ಹೊತ್ತಿಗೆ ಚತುರ್ಥಿ ಬಹುಮಟ್ಟಿಗೆ ಮರೆಯಾಗಿ, ಅದರ ಕೆಲಸವನ್ನು ಷಷ್ಠಿ ವಹಿಸಿಕೊಂಡಿತು. ಇಂದಿನ ಹಿಂದಿಯ ‘ಸೇ’ ಕನ್ನಡದ ‘ಇಂದ’ದಂತೆಯೇ ಎರಡು ಕೆಲಸ ಮಾಡುತ್ತದೆ.

ವಿಭಕ್ತಿಗಳು ಸವೆಯುವುದೇಕೆ? ಪದದ ಕೊನೆಯ ಧ್ವನಿ ಮಾತಿನ ಓಟದಲ್ಲಿ ನುರಿದುಹೋಗುತ್ತದೆ. ಅರ್ಥ ಕೆಡದಿದ್ದರೆ ಅದನ್ನು ಉಳಿಸಿಕೊಳ್ಳುವ ತುರ್ತು ಆಡುವವರಿಗಿಲ್ಲ. ‘ಕಡಿ’ ಎಂದರೆ ಸಾಧನವನ್ನೂ ‘ಬೀಳು’ ಎಂದರೆ ಬಿಟ್ಟುಬಂದ ಸ್ಥಳವನ್ನೂ ಕೇಳುವವರು ತಾವೇ ಊಹಿಸುತ್ತಾರೆ. ಆದರೆ ಭಾಷೆ ಒಂದೆಡೆ ಉಳಿಸಿದ್ದನ್ನು ಇನ್ನೊಂದೆಡೆ ತೆರಬೇಕು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಉದುರಿದ ಮೇಲೆ ಪದಗಳ ಸ್ಥಾನವೇ ವಿಭಕ್ತಿಯಾಯಿತು. ‘ಬೇಟೆಗಾರ ಹುಲಿಯನ್ನು ಕೊಂದ’, ‘ಹುಲಿಯನ್ನು ಬೇಟೆಗಾರ ಕೊಂದ’: ಕನ್ನಡದಲ್ಲಿ ಹೇಗೆ ಹೇಳಿದರೂ ಸಾಯುವುದು ಹುಲಿಯೇ. ಇಂಗ್ಲಿಷಿನಲ್ಲಿ ಆ ಎರಡು ಪದಗಳನ್ನು ಅದಲುಬದಲು ಮಾಡಿದರೆ ಬೇಟೆಗಾರನೇ ಸಾಯುತ್ತಾನೆ!

ಪ್ರತ್ಯಯ ಹೋಗಬಹುದು, ಅದು ಹೇಳುತ್ತಿದ್ದ ಸಂಬಂಧ ಹೋಗುವುದಿಲ್ಲ. ಹಳಗನ್ನಡ ಓದುವವರಿಗೆ ‘ಅತ್ತಣಿಂ’ ತಿಳಿದಿರಲೇಬೇಕು. ಆದರೆ ‘ಮರದಿಂದ’ ಎಂಬುದನ್ನು ಪಂಚಮಿ ಎಂದು ಬರೆದ ಮಗುವಿನ ಉತ್ತರಕ್ಕೆ ಕೆಂಪು ಗೀಟು ಎಳೆಯುವ ಮುನ್ನ ಉಪಾಧ್ಯಾಯರು ಒಂದು ಕ್ಷಣ ತಡೆಯುವುದು ಒಳ್ಳೆಯದು. ಮನೆಯಲ್ಲಿ, ಬೀದಿಯಲ್ಲಿ ಕೇಳುವ ಕನ್ನಡ ಆ ಮಗುವಿನ ಪರವಾಗಿದೆ.