ಅಬ್ಬಿಯ ದಾರಿ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾವಿರುವ ಈ ಪುರಸೈವಾಕ್ಕಕ್ಕೆ ಹೆಸರು ಬಂದುದು ಪುರಸೈ ಮರದಿಂದ ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಪುರಸೈ ಎಂದರೆ ನಮ್ಮ ಮುತ್ತುಗ. ಊರಿನಲ್ಲಿ ಅಜ್ಜಿಯರು ಕುಳಿತು ಊಟದ ಎಲೆ ಹಚ್ಚುತ್ತಿದ್ದುದು ಅದರಿಂದಲೇ. ಮೋಟಾರುಗಳ ಗದ್ದಲದ ಈ ಬೀದಿಗಳಲ್ಲಿ ಕಾಡೆಂಬುದು ಹೆಸರಿನಲ್ಲಿ ಮಾತ್ರ ಉಳಿದಿದೆ. ಆದುದರಿಂದ ರಜೆ ಬಂತೆಂದರೆ ನಮ್ಮ ತರುಣರು ಬುತ್ತಿ ಕಟ್ಟಿಕೊಂಡು ಗಡಿಯಾಚೆಯ ತಡ, ನಾಗಲಾಪುರಗಳ ಕಾಡುಹಾದಿ ಹಿಡಿದು ಜಲಪಾತ ನೋಡಲು ಹೊರಡುವುದು ಸಹಜವೇ. ಹೋಗಬೇಡಿರೆಂದು ನಾವು ಹೇಳೆವು. ಒಮ್ಮೆ ನಮ್ಮ ನಾಡಿನ ಕಡೆಗೂ ನಡೆಯಿರಿ ಎನ್ನುತ್ತೇವೆ.

ತಮಿಳಿನ ಅರುವಿ ಎಂಬ ಮಾತನ್ನು ಇಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲ ಬಲ್ಲರು. ಅದೇ ತುಳುವಿನಲ್ಲಿ ಅರ್ಬಿ, ಕನ್ನಡದಲ್ಲಿ ಅಬ್ಬಿ. ಒಂದೇ ತಾಯಿಯ ಮಕ್ಕಳು. ಮಡಿಕೇರಿಯ ಬಳಿ ಅಬ್ಬಿಯಿದೆ. ಬೆಳ್ತಂಗಡಿ ಸೀಮೆಯಲ್ಲಿ ಬಂಡಾಜೆ ಅರ್ಬಿಯಿದೆ. ಉತ್ತರ ಕನ್ನಡದ ಉಂಚಳ್ಳಿಯಲ್ಲಿ ಅಘನಾಶಿನಿ ೧೧೬ ಮೀಟರು ಕೆಳಕ್ಕೆ ಧುಮುಕುತ್ತಾಳೆ. ಅದಕ್ಕೆ ಬ್ರಿಟಿಷರು ತಮ್ಮ ಅಧಿಕಾರಿಯೊಬ್ಬನ ನೆನಪಿಗೆ ಲಷಿಂಗ್ಟನ್ ಎಂದು ಹೆಸರಿಟ್ಟರು. ಊರವರು ಕರೆದುದು ಕೆಪ್ಪ ಜೋಗ ಎಂದು. ಆ ಸದ್ದಿನ ಮುಂದೆ ಪಕ್ಕದವನ ಮಾತೂ ಕೇಳದು. ಸಾಹೇಬರ ಹೆಸರಿನಿಂದ ನಮಗೆ ತಿಳಿಯುವುದೇನೂ ಇಲ್ಲ. ಊರವರ ಹೆಸರಿನಲ್ಲಿ ಎಚ್ಚರಿಕೆಯೇ ಇದೆ, ನೋಡಿ.

ಎಚ್ಚರಿಕೆ ಬೇಕಾದುದು ಏಕೆ? ನಾವು ನಿಂತಲ್ಲಿ ಬಿಸಿಲಿರುತ್ತದೆ. ಮೇಲೆ ಘಟ್ಟದಲ್ಲಿ ಮಳೆ ಸುರಿದಿರುತ್ತದೆ. ತಿಳಿಯಾಗಿದ್ದ ನೀರು ಕದಡುತ್ತದೆ, ತರಗೆಲೆ ಕಡ್ಡಿಗಳು ತೇಲಿ ಬರುತ್ತವೆ, ಸದ್ದು ಬೇರೆಯಾಗುತ್ತದೆ. ದಾರಿ ತೋರಿಸಲು ಬಂದ ಹಳ್ಳಿಯವನಿಗೆ ಇದು ಕೂಡಲೇ ತಿಳಿಯುತ್ತದೆ. “ನೀರು ಬಂತು, ಮೇಲೆ ಹತ್ತಿ!” ಎಂದು ಅವನು ಕೂಗುವುದು ಕನ್ನಡದಲ್ಲಿ. ಏನೆಂದರೆಂದು ಅಪ್ಪನ ಮುಖ ನೋಡುವಷ್ಟು ಹೊತ್ತು ಆಗ ಮಗುವಿಗೆ ಇರುವುದಿಲ್ಲ. ಮನೆಯಲ್ಲಿ ಕನ್ನಡವಾಡಿರೆಂದು ಪ್ರತಿ ನವೆಂಬರಿನಲ್ಲಿಯೂ ವೇದಿಕೆಯಿಂದ ಹೇಳುತ್ತೇವೆ. ಏತಕ್ಕೆ ಎಂದು ಮಕ್ಕಳು ಕೇಳಿದರೆ ತಡವರಿಸುತ್ತೇವೆ. ಇದೂ ಒಂದು ಉತ್ತರವಲ್ಲವೇ?

ಇನ್ನು ಅನುಮತಿಯ ಮಾತು. ತೇನಿ ಜಿಲ್ಲೆಯ ಕುರಂಗಣಿಯಲ್ಲಿ ೨೦೧೮ರ ಮಾರ್ಚ್ ೧೧ರಂದು ಕಾಡ್ಗಿಚ್ಚಿಗೆ ಸಿಕ್ಕಿದ ಚಾರಣಿಗರಲ್ಲಿ ಈ ಊರಿನಿಂದಲೇ ಹೋದ ತರುಣ ತರುಣಿಯರಿದ್ದರು. ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಅಂತಹುದನ್ನು ಕೇಳಿಯೂ ಅರಣ್ಯ ಇಲಾಖೆಯ ಚೀಟಿಯೆಂದರೆ ಮೂಗು ಮುರಿಯುವವರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ. ಕರ್ನಾಟಕದಲ್ಲಿಯೂ ೨೦೨೪ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಮುಗಿಬಿದ್ದ ಮೇಲೆ ಸರ್ಕಾರವು ಮುಂಗಡ ನೋಂದಣಿಯ ಕಟ್ಟುಪಾಡನ್ನು ಬಿಗಿಮಾಡಿತು. ಒಳ್ಳೆಯದೇ ಆಯಿತು. ಕಾಡು ಜಾತ್ರೆಯ ಮೈದಾನವಲ್ಲ.

ಹೋಗುವ ಕಾಲ ಯಾವುದು? ಆಷಾಢ ಶ್ರಾವಣಗಳಲ್ಲಿ ಅಬ್ಬಿಯ ವೈಭವವೇ ಬೇರೆ. ಆದರೆ ಬಂಡೆಗಳ ಮೇಲೆ ಪಾಚಿ, ಕಾಲಿಗೆ ಇಂಬಳ. ಇಂಬಳಕ್ಕೆ ಸುಣ್ಣ ಹೊಗೆಸೊಪ್ಪು ಉಂಟು, ಪಾಚಿಗೆ ಮದ್ದಿಲ್ಲ. ಮಕ್ಕಳೊಡನೆ ಹೋಗುವವರಿಗೆ ದೀಪಾವಳಿ ಕಳೆದ ಮೇಲೆಯೇ ಸರಿ. ಶಿವರಾತ್ರಿಯ ಹೊತ್ತಿಗೆ ಬಂಡಾಜೆಯ ನೀರು ಸೊರಗುತ್ತದೆ, ಗುಡ್ಡದ ಹುಲ್ಲು ಒಣಗಿ ಬೆಂಕಿಯ ಭಯವೂ ಸೇರುತ್ತದೆ. ಸಂಕ್ರಾಂತಿಯೊಳಗೆ ಹೋಗಿಬನ್ನಿ, ಮಂಗಳೂರು ಮೆಯಿಲಿಗೆ ಈಗಲೇ ಟಿಕೇಟು ತೆಗೆಸಿಡಿ.